ಎಡಗಡೆ ಸೀಟಿನವಳು

ಮಳವಳ್ಳಿ ಬಸ್ ಸ್ಟ್ಯಾಂಡಿನ ಮುಂದೆ ಸಿದ್ದೇಶ ನನ್ನನ್ನು ನೋಡದೆ ಹೋದದ್ದು ಅದು ಮೂರನೇ ಸಲ.

ನಾನು ರಸ್ತೆಯ ಅಂಚಿನಲ್ಲೇ ನಿಂತಿದ್ದೆ. ಒಂದು ಕೈಯಲ್ಲಿ ಅಳತೆಯ ಟೇಪು, ಇನ್ನೊಂದು ಕೈ ಮೇಲೆ. ಊರಿಗೆಲ್ಲ ಕಾಣುವ ಹಾಗೆ ಬೀಸಿದ್ದೆ. ಅವನ ಬಿಳಿ ಟ್ಯಾಕ್ಸಿ ನನ್ನ ದುಪಟ್ಟಾ ಹಾರಿಸಿಕೊಂಡು ಬೆಳಕವಾಡಿ ಕಡೆಗೆ ಹೊರಟೇ ಹೋಯಿತು. ಪಕ್ಕದಲ್ಲಿ ಕಡಲೆಕಾಯಿ ಮಾರುತ್ತಿದ್ದ ಹೆಂಗಸು ಕಿಸಕ್ಕನೆ ನಕ್ಕಳು. ನನಗೆ ಮೈಯೆಲ್ಲ ಉರಿಯಿತು.

ನಾನು ಅರುಂಧತಿ, ಭೂಮಾಪಕಿ. ತಾಲ್ಲೂಕಿನ ಅಣ್ಣತಮ್ಮಂದಿರ ಜಮೀನು ಅಳೆದು ಗಡಿಗೆ ಕಲ್ಲು ನೆಡಿಸುವುದು ನನ್ನ ಕೆಲಸ. ಬೈಯುವುದು, ಬೈಸಿಕೊಳ್ಳುವುದು ಎರಡೂ ಅಭ್ಯಾಸವಿದೆ. ಪ್ರೀತಿ ಹೇಳಿಕೊಳ್ಳುವುದು ಮಾತ್ರ ಅಭ್ಯಾಸವಿಲ್ಲ. ಸಿದ್ದೇಶ ಪಿಯುಸಿಯಿಂದ ಗೊತ್ತು. ಒಂಬತ್ತು ವರ್ಷದಿಂದ ಟ್ಯಾಕ್ಸಿ ಓಡಿಸುತ್ತಾನೆ. ಗಗನಚುಕ್ಕಿ, ಮುತ್ತತ್ತಿ, ತಲಕಾಡು, ಮಾದೇಶ್ವರನ ಬೆಟ್ಟ ಎಂದು ಪರವೂರಿನವರಿಗೆಲ್ಲ ತೋರಿಸಿಕೊಂಡು ಬರುತ್ತಾನೆ. ದೂರದ ಹಳ್ಳಿಯಲ್ಲಿ ಅಳತೆಯಿದ್ದರೆ ನಾನೂ ಅದೇ ಕಾರು ಕರೆಯುತ್ತೇನೆ. ಮಳವಳ್ಳಿಯಲ್ಲಿ ಬೇರೆ ಕಾರಿಲ್ಲವೆಂದಲ್ಲ.

ಮಾರನೆಯ ದಿನ ಅವನೇ ನನ್ನ ಆಫೀಸಿಗೆ ಬಂದ.

"ಬರೋ ಭಾನುವಾರ ಕಾರ್ ರ‍್ಯಾಲಿ ಅದೆ. ನನ್ ಪಕ್ಕ ಕೂತ್ಕತೀಯಾ?"

"ನಿನ್ನೆ ಕೈ ಎತ್ತಿದ್ರೆ ತಿರುಗೂ ನೋಡ್ನಿಲ್ಲ. ಇವತ್ತು ಪಕ್ಕ ಬೇಕಾ?"

"ನಿನ್ನೆ ಇದ್ಯಾ ಅಲ್ಲಿ?"

"ನಾನು ಅಲ್ಲೇ ಇದ್ದೆ ಕಣೋ! ಕಾರು ಮೈಗೆ ತಾಕೋ ಅಂಗೆ ಓಯ್ತು."

ಅವನ ಮುಖ ಬಿಳಚಿಕೊಂಡಿತು. ಸಿಕ್ಕಿಬಿದ್ದವರ ಮುಖ ಹಾಗೇ ಇರುತ್ತದೆ ಎಂದುಕೊಂಡೆ. "ತಪ್ಪಾಯ್ತು, ಏನೋ ಯೋಚ್ನೆ" ಎಂದ. "ಇದೊಂದ್ ಸಲ ಬಾ ಅರುಂಧತಿ. ಯಾವಾಗ್ಲೂ ಪಕ್ಕ ಕೂರೋ ಸಂತೋಷ್ ಬರಾಕಿಲ್ಲ ಅಂದ್ಬುಟ್ಟ. ನಂಗೂ ಇದೇ ಕೊನೆ ರ‍್ಯಾಲಿ."

"ಯಾಕ್ ಕೊನೆ? ಮದ್ವೆ ಗೊತ್ತಾಯ್ತಾ?" ತಮಾಷೆಯಂತೆ ಕೇಳಿದೆ. ಎದೆಯೊಳಗೆ ತಮಾಷೆ ಇರಲಿಲ್ಲ.

"ನಂಗ್ಯಾರ್ ಕೊಡ್ತಾರೆ ಎಣ್ಣ?" ಎಂದು ನನ್ನ ಕಡೆ ತಿರುಗಿದ.

ಅವನು ನೋಡುವ ರೀತಿಯೇ ಹಾಗೆ. ಬೇರೆ ಹುಡುಗರ ಹಾಗೆ ಕಣ್ಣು ಹೊರಳಿಸುವುದಿಲ್ಲ. ಕತ್ತು, ಭುಜ, ಮುಖ ಎಲ್ಲ ತಿರುಗಿಸಿ, ನೆಟ್ಟಗೆ, ಬೇರೇನೂ ಇಲ್ಲವೆನ್ನುವ ಹಾಗೆ ನನ್ನನ್ನೇ ನೋಡುತ್ತಾನೆ. ಆ ನೋಟಕ್ಕೇ ನಾನು ಬಿದ್ದದ್ದು. ಓರೆಗಣ್ಣಿನಲ್ಲಿ ನೋಡುವುದು ನನ್ನ ಕಸುಬು. ಅವನ ಪಕ್ಕ ಕೂತು ಎಷ್ಟು ಸಲ ಹಾಗೆ ನೋಡಿದ್ದೇನೋ! ಒಂದು ಸಲವೂ ಅವನು ಅದನ್ನು ಹಿಡಿದಿರಲಿಲ್ಲ. ಇವನಿಗೆ ಮನಸ್ಸಿಲ್ಲ ಎಂದು ನಾನು ಎಷ್ಟೋ ರಾತ್ರಿ ಸೋತು ಮಲಗಿದ್ದೆ.

ಬರುತ್ತೇನೆ ಎಂದೆ.

ಆ ರ‍್ಯಾಲಿಯಲ್ಲಿ ವೇಗವಾಗಿ ಓಡಿಸಿದವರು ಗೆಲ್ಲುವುದಿಲ್ಲ. ಇಷ್ಟು ದೂರ ಇಷ್ಟೇ ಸರಾಸರಿ ವೇಗದಲ್ಲಿ ಹೋಗಬೇಕು ಎಂದು ಪುಸ್ತಕದಲ್ಲಿ ಬರೆದಿರುತ್ತಾರೆ. ಬೇಗ ಹೋದರೂ ಅಂಕ ಹೋಯಿತು, ತಡವಾದರೂ ಹೋಯಿತು. ಓಡಿಸುವವನು ಒಬ್ಬ, ಪುಸ್ತಕ ಓದಿ ಲೆಕ್ಕ ಹಾಕಿ ದಾರಿ ಹೇಳುವವರು ಒಬ್ಬರು. ಮಂಡ್ಯದಿಂದ ಹೊರಟು ಮದ್ದೂರು, ಮಳವಳ್ಳಿ, ಗಗನಚುಕ್ಕಿ, ಕೊಳ್ಳೇಗಾಲ, ಕೊನೆಗೆ ಮಾದೇಶ್ವರನ ಬೆಟ್ಟ. ನೋಡುವಂಥ ಜಾಗ ಬಂದಾಗ ಹತ್ತು ನಿಮಿಷ ನಿಲ್ಲಲೇಬೇಕು.

ಹೊರಡುವಾಗ ಸಿದ್ದೇಶ ಹೇಳಿದ, "ಬರೀ ಪುಸ್ತಕ ಓದ್ಬೇಡ. ದಾರೀಲಿ ಏನ್ ಕಂಡ್ರೂ ಏಳು. ದನ, ನಾಯಿ, ಜನ, ಗುಂಡಿ. ಎಡಗಡೇದೆಲ್ಲ ನಿಂದು."

"ಎಲ್ಲಾನುವಾ?"

"ಎಲ್ಲಾನುವೆ. ನಿನ್ನೇ ನೆಚ್ಕಂಡಿವ್ನಿ."

ಹುಚ್ಚಿ ನಾನು, ಅದನ್ನು ಸರಸದ ಮಾತು ಎಂದುಕೊಂಡೆ. ಮದ್ದೂರಿನ ಶಿವಪುರದ ಸತ್ಯಾಗ್ರಹ ಸೌಧ ದಾಟುವವರೆಗೂ ಆ ಮಾತನ್ನೇ ಬಾಯೊಳಗೆ ಚಪ್ಪರಿಸುತ್ತಿದ್ದೆ. "ಎಡಕ್ಕೆ ಎತ್ತಿನ ಗಾಡಿ", "ಎಡಕ್ಕೆ ಸೈಕಲ್ ಮಕ್ಕಳು" ಎಂದು ಹೇಳಿದಾಗಲೆಲ್ಲ ಅವನು "ಊಂ" ಎನ್ನುತ್ತಿದ್ದ. ಆ ಒಂದು "ಊಂ"ಗಾಗಿ ಇಲ್ಲದ ಕೋಳಿಯನ್ನೂ ಒಂದು ಸಲ ಹೇಳಿದೆ. ಅದಕ್ಕೂ ಬ್ರೇಕ್ ಒತ್ತಿದ.

ಗಗನಚುಕ್ಕಿಯಲ್ಲಿ ಹತ್ತು ನಿಮಿಷ. ಎಲ್ಲ ಜೋಡಿಗಳೂ ಕಟಕಟೆಗೆ ಓಡಿ ಸೆಲ್ಫಿ ತೆಗೆದುಕೊಂಡರು. ನಾನು ಬಾಗಿಲು ತೆಗೆದು, "ಬಾರೋ" ಎಂದೆ.

"ನೀ ನೋಡ್ಕಂಡ್ ಬಾ. ನಾ ಗಾಜು ಒರುಸ್ತೀನಿ."

"ನೀರು ನೋಡಾಕಾದ್ರೂ ಇಳಿಬಾರ್ದಾ?"

"ಓಗು, ಟೈಮಾಯ್ತದೆ."

ಒಬ್ಬಳೇ ಹೋಗಿ ನಿಂತೆ. ಮಳೆಗಾಲ ಇನ್ನೂ ಹಿಡಿದಿರಲಿಲ್ಲ, ನೀರು ಬಂಡೆಯ ಮೇಲೆ ನಾಲ್ಕು ಎಳೆಯಾಗಿ ಬೀಳುತ್ತಿತ್ತು. ಹಿಂದಿರುಗಿ ನೋಡಿದರೆ ಅವನು ಒರೆಸಿದ ಗಾಜನ್ನೇ ಒರೆಸುತ್ತಿದ್ದ. ನನಗೆ ಅಳು ಬಂತು. ಬಂದದ್ದು ತೋರಿಸಲಿಲ್ಲ.

ಕೊಳ್ಳೇಗಾಲಕ್ಕೆ ಹೋಗುವಷ್ಟರಲ್ಲಿ ನಾವು ಎರಡನೇ ಜಾಗದಲ್ಲಿದ್ದೆವು. ಬೆಟ್ಟದ ಬುಡದ ತಾಳುಬೆಟ್ಟದಲ್ಲಿ ಏರು ಶುರುವಾಯಿತು. ಗಂಟೆಗೆ ಇಪ್ಪತ್ತನಾಲ್ಕು ಕಿಲೋಮೀಟರು, ತಿರುವಿನ ಮೇಲೆ ತಿರುವು. ಅಮಾವಾಸ್ಯೆ ಹತ್ತಿರವಿತ್ತು, ಮಾದಪ್ಪನಿಗೆ ಹರಕೆ ಹೊತ್ತವರು ಗುಂಪು ಗುಂಪಾಗಿ ನಡೆದು ಹತ್ತುತ್ತಿದ್ದರು. ಬಿಸಿಲು ಕಾಡಿನ ಹಿಂದೆ ಇಳಿದು ರಸ್ತೆಗೆಲ್ಲ ನೆರಳು ಬಿದ್ದಿತ್ತು. ಸಿದ್ದೇಶ ಸ್ಟೀರಿಂಗಿನ ಮೇಲೆ ಬಗ್ಗಿ ಕೂತಿದ್ದ. ಹಣೆಯಲ್ಲಿ ಬೆವರು. ಕೆಳತುಟಿಯನ್ನು ಹಲ್ಲಿನಲ್ಲಿ ಹಿಡಿದಿದ್ದ. ಎಷ್ಟು ಚೆನ್ನಾಗಿದ್ದಾನೆ ಎಂದು ಓರೆಗಣ್ಣಿನಲ್ಲಿ ನೋಡಿದೆ. ನೋಡುತ್ತಲೇ ಇದ್ದೆ.

ಎಡಗಡೆ ಟಪ್ ಎಂದು ಸದ್ದಾಯಿತು. ನನ್ನ ಪಕ್ಕದ ಕನ್ನಡಿ ಮುರಿದು ಬಾಗಿಲಿಗೆ ಹೊಡೆಯಿತು.

ಇಳಿದು ಓಡಿದೆ. ಮುದುಕಿಯೊಬ್ಬರು ಚರಂಡಿಯ ಪಕ್ಕ ಕೂತಿದ್ದರು. ಮರಿತಾಯಮ್ಮ ಎಂದು ಆಮೇಲೆ ಗೊತ್ತಾಯಿತು. ಬಲಗೈ ಮಣಿಕಟ್ಟು ಸೊಟ್ಟಗಾಗಿತ್ತು, ಮಡಿಲಿನ ಅಕ್ಕಿಯೆಲ್ಲ ಮಣ್ಣಿನ ಪಾಲಾಗಿತ್ತು. ಅವರು ಅಳುತ್ತಿರಲಿಲ್ಲ. ಸಿದ್ದೇಶನನ್ನು ನೋಡಿ ಆಶ್ಚರ್ಯದಿಂದ ಕೇಳಿದರು:

"ನಾನು ಇಲ್ಲೇ ಇದ್ನಲ್ಲಪ್ಪ. ನಿಂಗೆ ಕಾಣ್ನಿಲ್ವಾ?"

ಜೊತೆಯವರು ಅವನ ಕಾಲರ್ ಹಿಡಿದರು. ಒಬ್ಬ ಕೆನ್ನೆಗೆ ಬಾರಿಸಿದ. ಏಟು ಪಕ್ಕದಿಂದ ಬಂತು. ಬೀಳುವವರೆಗೂ ಸಿದ್ದೇಶ ಕಣ್ಣು ಮಿಟುಕಿಸಲಿಲ್ಲ. ಅದನ್ನು ನಾನು ನೋಡಿದೆ. ಆ ಮುದುಕಿ ಹೇಳಿದ ಮಾತನ್ನೇ ನಾನೂ ಹೇಳಿದ್ದೆನಲ್ಲ, ಅಲ್ಲೇ ಇದ್ದೆ ಎಂದು.

ಅವನ ಕೈಯಿಂದ ಕೀ ಕಿತ್ತುಕೊಂಡೆ. ನನಗೆ ಲೈಸೆನ್ಸ್ ಇತ್ತು. ಓಡಿಸಿದ್ದು ಅಪ್ಪನ ಹಳೇ ಓಮ್ನಿ, ಅದೂ ಹಲಗೂರಿನವರೆಗೆ. ಮರಿತಾಯಮ್ಮನವರನ್ನು ಹಿಂದೆ ಕೂರಿಸಿಕೊಂಡು ಮೊದಲನೇ ಗೇರಿನಲ್ಲೇ ಬೆಟ್ಟದ ಆಸ್ಪತ್ರೆಗೆ ಹತ್ತಿಸಿದೆ.

ಅವರ ಕೈಗೆ ಪಟ್ಟಿ ಹಾಕುವಾಗ ನಾವು ಹೊರಗೆ ಕಟ್ಟೆಯ ಮೇಲೆ ಕೂತಿದ್ದೆವು. ಬೇರೆ ಕಾರುಗಳು ಹಾರನ್ ಹೊಡೆಯುತ್ತ ಕೊನೆಯ ಗೆರೆ ದಾಟುವುದು ಕೇಳುತ್ತಿತ್ತು. ನಾನು ಎದ್ದು ಅವನ ಎದುರು ನಿಂತೆ.

"ನನ್ ಮೂಗೇ ನೋಡ್ತಿರು. ಕಣ್ಣ ಆ ಕಡೆ ಈ ಕಡೆ ಆಡುಸ್ಬೇಡ. ನನ್ ಬೆರಳು ಕಂಡ್ ತಕ್ಷಣ ಏಳು."

"ಬ್ಯಾಡ ಅರುಂಧತಿ."

"ನೋಡೋ."

ಎರಡೂ ಕೈಗಳನ್ನು ಅಗಲಕ್ಕೆ ಚಾಚಿದೆ. ಬೆರಳು ಆಡಿಸುತ್ತ ನಿಧಾನವಾಗಿ ಒಳಕ್ಕೆ ತಂದೆ. ಭುಜದ ಅಳತೆಗೆ ಬಂತು, ಅವನು ಮಾತಾಡಲಿಲ್ಲ. ಇನ್ನೂ ಒಳಕ್ಕೆ ತಂದೆ. ಬೆರಳು ನನ್ನ ಕಿವಿ ಮುಟ್ಟುವ ಹಾಗಾದಾಗ, "ಈಗ" ಎಂದ.

ಎರಡು ಬೆರಳಿನ ನಡುವೆ ನನ್ನ ಮುಖವೊಂದೇ ಹಿಡಿಸುತ್ತಿತ್ತು. ಹತ್ತು ವರ್ಷದಲ್ಲಿ ಎಷ್ಟೋ ತುಂಡು ಭೂಮಿ ಅಳೆದಿದ್ದೇನೆ. ಇಷ್ಟು ಚಿಕ್ಕದನ್ನು ಅಳೆದಿರಲಿಲ್ಲ.

"ಎಷ್ಟ್ ದಿನ ಆಯ್ತು?" ಎಂದೆ.

"ಗೊತ್ತಾಗಿ ಎರಡ್ ವರ್ಸ. ಮೊದ್ಲು ಕತ್ಲಲ್ಲಿ ಕಾಣ್ತಿರ್ನಿಲ್ಲ. ಆಮೇಲೆ ಎರಡೂ ಪಕ್ಕ ಓಯ್ತು. ನಮ್ ಮರಿಸಿದ್ದಯ್ಯ ಮಾವಂಗೂ ಇಂಗೇ ಓಗಿದ್ದು. ಮೈಸೂರಲ್ಲಿ ಡಾಕ್ಟ್ರು ಔಸ್ತಿ ಇಲ್ಲ ಅಂದ್ರು, ಕಾರ್ ಬುಡು ಅಂದ್ರು. ಸಂತೋಷಂಗೆ ಗೊತ್ತಾಗೋಯ್ತು, ಅದಕ್ಕೇ ಅವ್ನು ಬರ್ನಿಲ್ಲ."

"ಅದಕ್ಕೆ ನನ್ ಕರ್ದ್ಯಾ? ಕಣ್ಣು ಬೇಕಿತ್ತು ಅಂತ?"

ಅವನು ಸುಳ್ಳು ಹೇಳಲಿಲ್ಲ. "ಊಂ" ಎಂದ. ಆಮೇಲೆ ಸೇರಿಸಿದ, "ಅದೊಂದಕ್ಕೇ ಅಲ್ಲ. ಕಾರ್ ಓಡುಸ್ತಾ ಇರೋ ನನ್ನ ನೀನು ಕೊನೇ ಸಲ ಪಕ್ಕ ಕೂತು ಪೂರ್ತಿ ನೋಡ್ಲಿ ಅಂತಿತ್ತು. ಗೆದ್ರೆ ಬೆಟ್ಟದ ಮೇಲೆ ಕೇಳವ ಅಂದ್ಕಂಡಿದ್ದೆ."

"ಏನ್ ಕೇಳೋದು?"

"ಅದೇ."

"ಬಾಯ್ಬುಟ್ಟು ಏಳು."

"ನನ್ನ ಮದ್ವೆ ಆಯ್ತೀಯಾ ಅಂತ. ಈಗ ಕೇಳಾಕಿಲ್ಲ. ಕುರುಡನ ಕಟ್ಕಂಡು ಏನ್ ಮಾಡ್ತೀಯೆ? ಮಕ್ಳಿಗೂ ಬಂದ್ರೂ ಬರ್ಬೋದಂತೆ."

ಇಷ್ಟು ವರ್ಷ ಕಾದ ಮಾತು ಬಂದದ್ದು ಹೀಗೆ, ಡೆಟಾಲ್ ವಾಸನೆಯಲ್ಲಿ, ಒಳಗೆ ಮುದುಕಿಯೊಬ್ಬರು ನರಳುತ್ತಿರುವಾಗ. ನನಗೆ ಖುಷಿಯೂ ಆಯಿತು, ಅವನನ್ನು ಕೊಲ್ಲುವಷ್ಟು ಸಿಟ್ಟೂ ಬಂತು. ಅವರ ಕೈ ಮುರಿದದ್ದರಲ್ಲಿ ನನ್ನ ಪಾಲೂ ಇತ್ತು. ಎಡಗಡೆಯದೆಲ್ಲ ನನ್ನದಾಗಿತ್ತು, ನಾನು ಬಲಗಡೆ ನೋಡುತ್ತಿದ್ದೆ. ಅದನ್ನು ಅವನಿಗೆ ಹೇಳಿದೆ. ಅವನು ತಲೆ ತಗ್ಗಿಸಿದ.

"ಇನ್ಮೇಲೆ ಕಾರ್ ಮುಟ್ಟಬೇಡ" ಎಂದೆ.

"ಬರೋ ಭಾನುವಾರ ಬಿಳಿಗಿರಿಬೆಟ್ಟಕ್ಕೆ ಒಂದು ಬಾಡ್ಗೆ ಒಪ್ಕಂಡಿವ್ನಿ. ಅದೊಂದ್ ಮುಗುಸ್ಬುಟ್ಟು..."

"ಅದ್ರಲ್ಲಿ ಎಷ್ಟ್ ಜನ?"

"ಆರು."

ನಾನು ಮರಿತಾಯಮ್ಮನವರಿದ್ದ ಬಾಗಿಲ ಕಡೆ ನೋಡಿದೆ. ಅವನಿಗೆ ಅರ್ಥವಾಯಿತು.

ಮರಿತಾಯಮ್ಮನವರನ್ನು ಅವರ ಜನರಿಗೆ ಒಪ್ಪಿಸಿ ಬೆಟ್ಟ ಇಳಿದೆವು. ನಾನು ಓಡಿಸುತ್ತಿದ್ದೆ. ಅವನು ನನ್ನ ಸೀಟಿನಲ್ಲಿ, ಮುರಿದ ಕನ್ನಡಿಯನ್ನು ಮಡಿಲಲ್ಲಿಟ್ಟುಕೊಂಡು ಕಣ್ಣು ಮುಚ್ಚಿಕೊಂಡಿದ್ದ. ಮೂರು ತಿರುವು ಹೇಗೋ ದಾಟಿಸಿದೆ. ನಾಲ್ಕನೆಯದರಲ್ಲಿ ಗಾಡಿ ಬಂಡೆಗೆ ತಾಕುವಂತಾದಾಗ, ಕಣ್ಣು ತೆರೆಯದೆ ಹೇಳಿದ, "ಎರಡ್ನೇ ಗೇರು. ಬಲಕ್ಕೆ ಒಸಿ ಜಾಸ್ತಿ ಎಳಿ. ಮುಂದೆ ಎಡಕ್ಕೆ ಒಂದು ಆಲದ್ಮರ ಸಿಗ್ತದೆ." ಸಿಕ್ಕಿತು. ತಾಳುಬೆಟ್ಟದವರೆಗೂ ಹಾಗೆಯೇ ಒಂದೊಂದು ತಿರುವನ್ನೂ ಹೇಳಿಕೊಟ್ಟ. ಅವನ ದನಿ ಒಡೆಯುತ್ತಿತ್ತು, ದಾರಿ ತಪ್ಪಲಿಲ್ಲ.

ಬೆಳಕವಾಡಿಯಲ್ಲಿ ಅವನ ಅವ್ವ ದೊಡ್ಡತಾಯಮ್ಮ ಜಗಲಿಯಲ್ಲಿದ್ದರು. ಪಕ್ಕದಲ್ಲಿ ಮರಿಸಿದ್ದಯ್ಯ ಮಾವ ಗೋಡೆಗೆ ಒರಗಿ, ಬಂದವರ ಹೆಜ್ಜೆ ಆಲಿಸುತ್ತಿದ್ದರು.

"ಅವ್ವಂಗೆ ಏಳ್ಬೇಡ" ಎಂದು ಸಿದ್ದೇಶ ನನ್ನ ಕೈ ಹಿಡಿದ. ಅವನು ಮೊದಲ ಸಲ ನನ್ನ ಕೈ ಹಿಡಿದದ್ದು ಅದಕ್ಕಾಗಿ. "ಏಳುದ್ರೆ ನಿನ್ನ ಮುಖ ನೋಡಾಕಿಲ್ಲ."

ನಾನು ಹೇಳಿದೆ. ಕಾರಿನ ಕೀಯನ್ನು ದೊಡ್ಡತಾಯಮ್ಮನವರ ಕೈಗೆ ಕೊಟ್ಟೆ. ಆ ತಾಯಿ ತಮ್ಮನ ಕಡೆಗೊಮ್ಮೆ, ಮಗನ ಕಡೆಗೊಮ್ಮೆ ನೋಡಿ ಕೀಯನ್ನು ಎದೆಗೆ ಒತ್ತಿಕೊಂಡರು. ಸಿದ್ದೇಶ ಒಳಗೆ ಹೋಗಿ ಬಾಗಿಲು ಹಾಕಿಕೊಂಡ.

ಆರು ವಾರ ಅವನು ಮಾತಾಡಲಿಲ್ಲ. ಕಾರು ಕೆರಗೋಡಿನ ಯಾರಿಗೋ ಹೋಯಿತಂತೆ. ಫೋನ್ ಎತ್ತಲಿಲ್ಲ. ನಾನು ಕಲ್ಲು ನೆಡಿಸುತ್ತ, ಬೈಸಿಕೊಳ್ಳುತ್ತ ಇದ್ದೆ. ಹೇಳಿದ್ದು ಸರಿ ಎಂದು ಹಗಲೆಲ್ಲ ಅನ್ನಿಸುತ್ತಿತ್ತು. ಸಂಜೆಯಾದರೆ ಸಾಕು, ಕಳೆದುಕೊಂಡೆ ಎನ್ನಿಸುತ್ತಿತ್ತು.

ಆಗಸ್ಟಿನ ಒಂದು ಬೆಳಿಗ್ಗೆ ಮಳವಳ್ಳಿ ಬಸ್ ಸ್ಟ್ಯಾಂಡಿನಲ್ಲಿ ಅವನು ಬೆಳಕವಾಡಿಯ ಬಸ್ಸಿನಿಂದ ಇಳಿದ. ಜನ ಎರಡೂ ಕಡೆಯಿಂದ ಗುದ್ದಿಕೊಂಡು ಹೋಗುತ್ತಿದ್ದರು. ಒಬ್ಬ "ಕಣ್ ಕಾಣಾಕಿಲ್ವೇನ್ಲಾ" ಎಂದು ಬೈದ. ನಾನು ಪಕ್ಕದಲ್ಲೇ ಇದ್ದೆ. ಕೈ ಎತ್ತಲಿಲ್ಲ. ಸುತ್ತಿ ಬಳಸಿ ಹೋಗಿ ಅವನ ನೆಟ್ಟಗೆ ಎದುರಿಗೆ ನಿಂತೆ.

ನೋಡಿದ. ಬಹಳ ಹೊತ್ತು ನೋಡಿದ.

"ನಿನ್ ಹುಡೀಕಂಡೇ ಬಂದೆ" ಎಂದ. "ಇಲ್ಲೇ ಎಲ್ಲೋ ಇರ್ತೀಯ ಅಂತ ಗೊತ್ತಿತ್ತು."

"ಮುಖ ನೋಡಾಕಿಲ್ಲ ಅಂದಿದ್ದೆ?"

"ನೋಡೋ ದಿನ ಎಷ್ಟವೆ ಅಂತ ನೋಡ್ದೆ ಕೂರ್ಲಿ?" ಎಂದು ನಕ್ಕ. ಆ ನಗು ನೋಡಲಾಗಲಿಲ್ಲ. "ಗಗನಚುಕ್ಕಿಗೆ ಓಗವ ಬಾ, ಬಸ್ಸಲ್ಲಿ. ನೀರು ಬುಟ್ಟವ್ರಂತೆ."

"ಸಾವಿರ ಸಲ ಓಗಿದ್ದೀಯಲ್ಲೋ."

"ಪಾರ್ಕಿಂಗ್ ತಂಕ ಓಗಿದ್ದೆ. ಡ್ರೈವರ್ ಗಾಡಿ ಬುಟ್ ಓಗಂಗಿಲ್ಲ. ಮುತ್ತತ್ತಿ, ತಲಕಾಡು, ಯಾವ್ದೂ ನೋಡಿಲ್ಲ ಕಣೆ. ಒಂದೊಂದೇ ನೋಡ್ಬುಡ್ಬೇಕು."

ಗಗನಚುಕ್ಕಿ ತುಂಬಿ ಸುರಿಯುತ್ತಿತ್ತು. ಅವನನ್ನು ಕಟಕಟೆಯ ಹತ್ತಿರ ನಿಲ್ಲಿಸಿದೆ. ಒಂದೇ ಸಲಕ್ಕೆ ಅವನಿಗೆ ಪೂರ್ತಿ ಕಾಣಲಿಲ್ಲ. ಎಡ ತುದಿಯಿಂದ ಬಲ ತುದಿಯವರೆಗೆ ತುಂಡು ತುಂಡಾಗಿ, ಕತ್ತು ತಿರುಗಿಸಿ ತಿರುಗಿಸಿ ನೋಡಿದ. ಎಲ್ಲಿ ಶುರು, ಎಲ್ಲಿ ಮುಗಿಯುತ್ತದೆ ಎಂದು ನಾನು ಹೇಳುತ್ತಿದ್ದೆ. ಅವನು "ಊಂ" ಎನ್ನುತ್ತಿದ್ದ. ನನ್ನ ಕಣ್ಣಿನಿಂದ ನೀರು ಸುರಿಯುತ್ತಿತ್ತು. ಪಕ್ಕದಲ್ಲಿದ್ದುದರಿಂದ ಅವನಿಗೆ ತಿಳಿಯಲಿಲ್ಲ.

"ನಾನೇ ಕೇಳ್ತೀನಿ" ಎಂದೆ. "ನನ್ನ ಮದ್ವೆ ಆಯ್ತೀಯಾ?"

ಅವನು ಜಲಪಾತಕ್ಕೆ ಬೆನ್ನು ಹಾಕಿ, ಕತ್ತು, ಭುಜ, ಮುಖ ಎಲ್ಲ ತಿರುಗಿಸಿ ನನ್ನ ಕಡೆಗೆ ನಿಂತ. "ಊಂ" ಎಂದು ನನ್ನ ಕೆನ್ನೆ ಒರೆಸಿದ. ನೋಡುತ್ತಲೇ ಇದ್ದ.

"ನೀರು ಆ ಕಡೆ ಅದೆ ಕಣೋ. ಅದನ್ನ ನೋಡು. ಅದಕ್ಕೇ ತಾನೆ ಬಂದಿದ್ದು?"

"ನೀರು ಆಮೇಲೂ ಕೇಳುಸ್ತದೆ, ಬುಡು" ಎಂದ.

ನಾನು ಅಲುಗಾಡದೆ ನಿಂತುಕೊಂಡೆ.