ಏಳನೇ ಬೋರಿನ ಹದಿನೇಳನೇ ಪೆಟ್ಟಿಗೆ

ಮಂಗಳವಾರ ಬೆಳಿಗ್ಗೆ ಹತ್ತು ಗಂಟೆ ನಲವತ್ತು ನಿಮಿಷಕ್ಕೆ, ಠಾಣೆಯ ಇತಿಹಾಸದಲ್ಲೇ ಕಂಡುಕೇಳರಿಯದ ಅಪರಾಧವೊಂದು ದಾಖಲಾಗಲು ಬಂತು. ಕಲ್ಲು ಕಳುವಾಗಿತ್ತು. ರತ್ನವಲ್ಲ, ವಿಗ್ರಹವಲ್ಲ, ಬರೀ ಕಲ್ಲು, ಒಂದು ಮರದ ಪೆಟ್ಟಿಗೆ ತುಂಬ. ಠಾಣೆಯ ಬಾಗಿಲಾಚೆ ಕಣ್ಣು ಹಾಯಿಸಿದಷ್ಟು ದೂರ ಪುಕ್ಕಟೆ ಬಿದ್ದಿರುವ ವಸ್ತು.

"ಪೆಟ್ಟಿಗೆಗೆ ಗುರುತು?" ಇನ್‌ಸ್ಪೆಕ್ಟರ್ ನಗು ನುಂಗಿಕೊಂಡು ಕೇಳಿದರು.

"ಏಳನೇ ಬೋರು, ಹದಿನೇಳನೇ ಪೆಟ್ಟಿಗೆ. ಎಂಬತ್ನಾಲ್ಕು ಮೀಟರ್ ಆಳದಿಂದ ಎಂಬತ್ತೊಂಬತ್ತರ ತನಕ."

ದೂರು ತಂದವಳು ಗುಡ್ಡದ ಬುಡದ ಖನಿಜ ಶೋಧನಾ ಕ್ಯಾಂಪಿನಲ್ಲಿ ಕಲ್ಲು ಕೊಯ್ಯುವವಳು. ಎಲ್ಲರೂ ಗರಗಸದಕ್ಕ ಎನ್ನುತ್ತಿದ್ದರು. ಬೆರಳ ಸಂದಿಯಲ್ಲಿ ಬಿಳಿ ಕೆಸರು ಒಣಗಿತ್ತು. ಎರಡು ಮಾತಿಗೊಮ್ಮೆ ಬಾಗಿಲ ಕಡೆ ನೋಡುತ್ತಿದ್ದಳು.

"ಬಾಗಿಲಲ್ಲಿ ಯಾರಿದ್ದಾರೆ?"

"ಯಾರೂ ಇಲ್ಲ ಸಾರ್. ನಮ್ಮಣ್ಣ ನಿನ್ನೆ ಸಂಜೆಯಿಂದ ಮನೆಗೆ ಬಂದಿಲ್ಲ. ಆ ಶೆಡ್ಡಿನ ಕಾವಲುಗಾರ ಅವನೇ. ಹುಡುಕ್ಕೊಂಡು ಹೋದೆ. ಅವನೂ ಇಲ್ಲ, ಪೆಟ್ಟಿಗೆನೂ ಇಲ್ಲ."

ಇನ್‌ಸ್ಪೆಕ್ಟರರ ಪೆನ್ನು ನಿಂತಿತು. "ಅದನ್ನ ಮೊದಲು ಹೇಳಬಾರದಾ?"

"ಗಂಡಸು, ಎಲ್ಲೋ ಹೋಗಿರ್ತಾನೆ, ನಾಲ್ಕು ದಿನ ಬಿಟ್ಟು ಬಾ ಅಂತೀರಿ. ಪೆಟ್ಟಿಗೆಗಾದ್ರೆ ನಂಬರಿದೆ. ಬರ್ಕೊಳ್ತೀರಿ."

ಹೆಡ್ ಕಾನ್‌ಸ್ಟೇಬಲ್ ಕೆಮ್ಮಿದರು. ನಾಲ್ಕು ದಿನದ ಮಾತು ಅವರ ನಾಲಿಗೆಯ ತುದಿಯಲ್ಲೇ ಇತ್ತು. ಹನ್ನೊಂದು ಗಂಟೆ ಐದು ನಿಮಿಷಕ್ಕೆ ಎಫ್‌ಐಆರ್ ಆಯಿತು. ಮನುಷ್ಯ ಮೊದಲು, ಕಲ್ಲು ಆಮೇಲೆ.

ಕ್ಯಾಂಪಿನ ಶೆಡ್ಡು ಗ್ರಂಥಾಲಯದ ಹಾಗಿತ್ತು. ಪುಸ್ತಕದ ಬದಲು ಕಲ್ಲು. ಬೋರು ಕೊರೆದಾಗ ಮೇಲೆ ಬರುವ, ಮಣಿಕಟ್ಟಿನಷ್ಟು ದಪ್ಪದ ಕಲ್ಲಿನ ಕೋಲುಗಳು ಆಳದ ಕ್ರಮದಲ್ಲಿ ಪೆಟ್ಟಿಗೆಗಳಲ್ಲಿ ಮಲಗಿದ್ದವು. ಹುಡುಕುತ್ತಿದ್ದದ್ದು ಬ್ಯಾಟರಿಗೆ ಬೇಕಾಗುವ ಲಿಥಿಯಂ. ಅದು ಪೆಗ್ಮಟೈಟ್ ಎಂಬ ದಪ್ಪ ಹರಳಿನ ಬಿಳಿ ಶಿಲೆಯಲ್ಲಿ ಇದ್ದರೆ ಇರುತ್ತದೆ, ಇಲ್ಲದಿದ್ದರೆ ಇಲ್ಲ. ಏಳನೇ ಬೋರಿನಲ್ಲಿ ಇದೆಯೆಂದು ಮುಖ್ಯ ಭೂವಿಜ್ಞಾನಿ ಸಾರಿಯಾಗಿತ್ತು. ಗುರುವಾರ ಕಂಪನಿಯ ದೊಡ್ಡವರು ಅದನ್ನು ಕಣ್ಣಾರೆ ನೋಡಲು ಬರುವವರಿದ್ದರು.

ಪಂಚನಾಮೆಗೆ ಹಾಳೆ ತೆಗೆಯುವಷ್ಟರಲ್ಲಿ ಆ ಭೂವಿಜ್ಞಾನಿಯೇ ನಗುತ್ತ ಬಂದರು. ಕ್ಯಾಂಪಿಗೆಲ್ಲ ಅವರು ದೊಡ್ಡ ಸಾರ್.

"ನಿಮಗೆ ಸುಮ್ಮನೆ ತೊಂದರೆ. ಪೆಟ್ಟಿಗೆ ಕೆಳಗಿನ ಸಾಲಲ್ಲಿತ್ತು. ಈಗ ತಾನೇ ಸಿಕ್ಕಿತು."

ಹದಿನೇಳನೇ ಪೆಟ್ಟಿಗೆ ಮೇಜಿನ ಮೇಲೆ ಬಂದು ಕೂತಿತು.

"ಕಾವಲುಗಾರ?"

"ಕುಡಿದು ಎಲ್ಲೋ ಬಿದ್ದಿರ್ತಾನೆ ಬಿಡಿ."

"ಅವನು ಚಹಾನೂ ಕುಡಿಯಲ್ಲ ಸಾರ್," ಎಂದಳು ಗರಗಸದಕ್ಕ, ನೆಲ ನೋಡುತ್ತ. ಒದ್ದೆ ಬಟ್ಟೆಯಿಂದ ಪೆಟ್ಟಿಗೆಯ ಒಂದು ತುಂಡು ಒರೆಸಿದಳು. ಇನ್ನೊಂದು ಒರೆಸಿದಳು. ಮೂರನೆಯದಕ್ಕೆ ಹೋದ ಬಟ್ಟೆ ಅಲ್ಲೇ ನಿಂತದ್ದನ್ನು ಇನ್‌ಸ್ಪೆಕ್ಟರ್ ನೋಡಿದರು.

"ಇನ್‌ಸ್ಪೆಕ್ಟರ್ ಸಾರ್‌ಗೆ ಕೊಯ್ಯೋದು ತೋರಿಸ್ತೀನಿ," ಎಂದು ಅವಳು ಗರಗಸದ ಗುಂಡಿ ಒತ್ತಿದಳು. ಕಿವಿ ಹರಿಯುವ ಸದ್ದು. ಆ ಸದ್ದಿನ ಮರೆಯಲ್ಲಿ, ಕಲ್ಲಿನ ಮೇಲೆ ಬಗ್ಗಿ, ಪಕ್ಕದಲ್ಲೇ ಬಗ್ಗಿದ ಇನ್‌ಸ್ಪೆಕ್ಟರರ ಕಿವಿಗಷ್ಟೇ ಬೀಳುವ ಹಾಗೆ ಹೇಳಿದಳು: "ಕೊಯ್ಯೋ ಮುಂಚೆ ಎಡಕ್ಕೆ ಕೆಂಪು ಗೆರೆ, ಬಲಕ್ಕೆ ನೀಲಿ ಗೆರೆ ಎಳೀತೀನಿ. ನಡುವೆ ಕೊಯ್ದು ಕೆಂಪು ಅರ್ಧ ಚೀಲಕ್ಕೆ ಹಾಕಿ, ಲ್ಯಾಬಿಗೆ ಕಳಿಸೋಕೆ ದೊಡ್ಡ ಸಾರ್ ಕೈಗೆ ಕೊಡ್ತೀನಿ. ನೀಲಿ ಅರ್ಧ ಪೆಟ್ಟಿಗೇಲೇ ಇರುತ್ತೆ. ಇದರಲ್ಲಿ ಎಲ್ಲ ಕೆಂಪು."

"ಅಂದರೆ?"

"ಲ್ಯಾಬಿಗೆ ಹೋಗಬೇಕಾದ ಕಲ್ಲು ಹೋಗೇ ಇಲ್ಲ. ಚೀಲದಲ್ಲಿ ಹೋಗಿದ್ದು ಬೇರೆ ಯಾವುದೋ. ದೊಡ್ಡ ಸಾರ್ ಗೆರೆ ನೋಡಲ್ಲ, ಕಲ್ಲು ಮಾತ್ರ ನೋಡ್ತಾರೆ." ಅವಳು ಕಲ್ಲನ್ನು ಅಲಗಿಗೆ ಇನ್ನಷ್ಟು ಒತ್ತಿದಳು. "ನನ್ನ ಕಡೇನೇ ನೋಡ್ತಿದ್ದಾರಾ?"

ನೋಡುತ್ತಿದ್ದರು. ನಗು ಹಾಗೇ ಇತ್ತು. ಕಣ್ಣು ಮಾತ್ರ ಆ ಒದ್ದೆ ಬಟ್ಟೆಯ ಮೇಲಿತ್ತು.

ಒಂದು ಗಂಟೆ ಹತ್ತು ನಿಮಿಷಕ್ಕೆ ಹೆಡ್ ಕಾನ್‌ಸ್ಟೇಬಲ್ ಕ್ಯಾಂಪಿನ ಜೀಪಿನ ಮೀಟರನ್ನೂ ಅದರ ಚಾಲಕನ ದಿನಚರಿಯನ್ನೂ ತಾಳೆ ನೋಡಿ ಬಂದರು. ಬರೆಯದ ಓಡಾಟ ಎರಡು. ಸೋಮವಾರ ಸಂಜೆ ಎಂಟು ಕಿಲೋಮೀಟರ್. ಇಂದು ಬೆಳಗಿನ ಜಾವ ಮತ್ತೆ ಎಂಟು. ಎರಡು ಸಲವೂ ಬೀಗದ ಕೈ ದೊಡ್ಡ ಸಾರ್ ಬಳಿ ಇತ್ತು.

"ನಾಲ್ಕು ಕಿಲೋಮೀಟರ್ ದೂರಕ್ಕೆ ಏನಿದೆ?" ಇನ್‌ಸ್ಪೆಕ್ಟರ್ ಚಾಲಕನನ್ನು ಕೇಳಿದರು.

"ಏನಿಲ್ಲ. ಕಾಗೆಬಂಗಾರ ತೆಗೀತಿದ್ದ ಹಳೇ ಗುಂಡಿ. ದನಾನೂ ಅತ್ತ ಹೋಗಲ್ಲ."

ಒಂದು ಸಲ ಹೋದದ್ದು ಅರ್ಥವಾಗುತ್ತಿತ್ತು. ಎರಡನೇ ಸಲ ಯಾಕೆ ಎಂದು ಯೋಚಿಸುತ್ತಲೇ ಇನ್‌ಸ್ಪೆಕ್ಟರ್ ಹಗ್ಗವನ್ನೂ, ದೊಡ್ಡ ಸಾರ್ ಸಮೇತ ಕ್ಯಾಂಪಿನವರನ್ನೂ ಜೀಪಿಗೆ ಹತ್ತಿಸಿದರು.

ಗುಂಡಿ ಬಾವಿಯ ಹಾಗೆ ನಲವತ್ತು ಅಡಿ ನೇರ ಇಳಿದು, ಅಲ್ಲಿಂದ ಸುರಂಗವಾಗಿ ಅಡ್ಡಕ್ಕೆ ತಿರುಗಿತ್ತು. ಅಗ್ನಿಶಾಮಕ ದಳ ಬರಲು ಒಂದೂವರೆ ಗಂಟೆ ಎಂದರು. ಹೆಡ್ ಕಾನ್‌ಸ್ಟೇಬಲ್ ತಮ್ಮ ಹೊಟ್ಟೆಯನ್ನೂ ಹಗ್ಗವನ್ನೂ ಒಮ್ಮೆ ನೋಡಿ ಹಿಂದೆ ಸರಿದರು. ಉಳಿದವರು ಇನ್‌ಸ್ಪೆಕ್ಟರ್. ಅವರು ಯಾವ ಕಟ್ಟಡದಲ್ಲೂ ಲಿಫ್ಟ್ ಹತ್ತುವವರಲ್ಲ. ವ್ಯಾಯಾಮ ಎನ್ನುತ್ತಿದ್ದರು, ಹೆಂಡತಿಗೆ ಮಾತ್ರ ನಿಜ ಗೊತ್ತಿತ್ತು.

ದೊಡ್ಡ ಸಾರ್ ಮುಂದೆ ಬಂದರು. "ಹಗ್ಗ ನಾನು ಹಿಡೀತೀನಿ. ನನಗೆ ಅಭ್ಯಾಸ ಇದೆ."

"ನಿಮ್ಮ ಜತೆ ಮಾತಾಡೋದಿದೆ ಸಾರ್," ಎಂದು ಹೆಡ್ ಕಾನ್‌ಸ್ಟೇಬಲ್ ಅವರ ಹೆಗಲ ಮೇಲೆ ಹಳೇ ಗೆಳೆಯನ ಹಾಗೆ ಕೈ ಹಾಕಿದರು. ಆ ಕೈ ಮತ್ತೆ ಮೇಲೇಳಲಿಲ್ಲ. ಹಗ್ಗ ಬೋರು ಕೊರೆಯುವವರ ಕೈಗೆ ಹೋಯಿತು.

ಮೂರು ಗಂಟೆ ಇಪ್ಪತ್ತಕ್ಕೆ ಇನ್‌ಸ್ಪೆಕ್ಟರ್ ಇಳಿದರು. ಹತ್ತಡಿಗೆ ಬೆಳಕು ತಟ್ಟೆಯಷ್ಟಾಯಿತು, ಮೂವತ್ತಡಿಗೆ ನಾಣ್ಯದಷ್ಟು. ಉಸಿರು ಎದೆಯವರೆಗೂ ಇಳಿಯಲು ಒಪ್ಪಲಿಲ್ಲ. ತಳದಲ್ಲಿ ಟಾರ್ಚ್ ಹಾಕಿದರೆ ಗೋಡೆಯ ತುಂಬ ಕಾಗೆಬಂಗಾರದ ಚೂರುಗಳು ಒಟ್ಟಿಗೇ ಕಣ್ಣು ತೆರೆದವು. ಒಡೆದ ಮರದ ಪೆಟ್ಟಿಗೆ. ಚೆಲ್ಲಿದ ಕಲ್ಲುಗಳು, ಎಲ್ಲದರ ಮೇಲೂ ನೀಲಿ ಗೆರೆ. ಒಂದು ಚಪ್ಪಲಿ. ಅಲ್ಲಿಂದ ಸುರಂಗದೊಳಕ್ಕೆ ಏನನ್ನೋ ಎಳೆದುಕೊಂಡು ಹೋದ ಗುರುತು.

"ಯಾರಿದ್ದೀರಿ?"

ಕತ್ತಲೊಳಗೆ ಯಾರೋ ಉಸಿರು ಬಿಗಿಹಿಡಿದದ್ದು ಕೇಳಿಸಿತು. ಉಸಿರಾಟ ಕೇಳಿಸುವುದಕ್ಕಿಂತ ಅದು ನಿಲ್ಲುವುದು ಕೇಳಿಸಿದಾಗ ಹೆಚ್ಚು ಭಯವಾಗುತ್ತದೆಂದು ಅವರಿಗೆ ಆ ಹೊತ್ತು ತಿಳಿಯಿತು.

"ಪೊಲೀಸ್. ಭಯಪಡಬೇಡಿ," ಎಂದರು. ಆ ಮಾತನ್ನು ಯಾರಾದರೂ ತಮಗೆ ಹೇಳಬಾರದೇ ಎನ್ನಿಸಿತು.

ಆಗ ಮೇಲಿಂದ ಗರಗಸದಕ್ಕನ ದನಿ ಇಳಿದುಬಂತು. "ಅಣ್ಣಾ, ನಾನು ಕಣೋ. ಪೆಟ್ಟಿಗೆ ನಂಬರ್ ಎಷ್ಟು?"

ಸುರಂಗದ ಒಳಗಿನಿಂದ ಒಣಗಿದ ಗಂಟಲು ಹೇಳಿತು: "ಹದಿನೇಳು."

ಕಾವಲುಗಾರನ ಕಾಲು ಮುರಿದಿತ್ತು. ಬಲಗೈಯಲ್ಲಿ ತಲೆ ಒಡೆಯುವಷ್ಟು ದಪ್ಪದ ಕಲ್ಲು ಹಿಡಿದಿದ್ದ. ಬಿಡಿಸಲು ಇನ್‌ಸ್ಪೆಕ್ಟರ್ ಒಂದೊಂದೇ ಬೆರಳು ತೆಗೆಯಬೇಕಾಯಿತು.

"ಕರೆದರೆ ಯಾಕೆ ಓಗೊಡಲಿಲ್ಲ?"

"ಬೆಳಗಿನ ಜಾವ ಒಬ್ಬರು ಕರೆದರು ಸಾರ್. 'ಇದ್ದೀಯೇನೋ, ಇದ್ದೀಯಾ' ಅಂತ. ಬಲು ಪ್ರೀತಿಯಿಂದ. ಸಂಜೆ ನನ್ನ ತಳ್ಳಿದವರದೇ ದನಿ. ಸತ್ತವನ ಹಾಗೆ ಬಿದ್ದಿದ್ದೆ. ಹೋದ ಮೇಲೆ ತೆವಳಿಕೊಂಡು ಒಳಗೆ ಸೇರಿಕೊಂಡೆ."

ದೊಡ್ಡ ಸಾರ್ ಹೇಳಿದ್ದಕ್ಕೆ ಪೆಟ್ಟಿಗೆ ಹೊತ್ತು ತಂದದ್ದೂ ಅವನೇ. ಅದನ್ನು ಗುಂಡಿಗೆ ಎಸೆದು, ತಾನೂ ಬೀಳುವ ಮುಂಚೆ ಒಂದು ಮಾತು ಕೇಳಿದ್ದನಂತೆ: "ನಾಳೆ ಎಣಿಸುವಾಗ ಏನಂತ ಬರೀಲಿ ಸಾರ್?"

ಆರು ಗಂಟೆಗೆ ಠಾಣೆಯಲ್ಲಿ ವಿಚಾರಣೆ.

"ಬೆಳಿಗ್ಗೆ ಯಾಕೆ ಹೋದಿರಿ?"

"ಬದುಕಿದ್ದಾನಾ ನೋಡೋಕೆ."

"ಹಗ್ಗ ಒಯ್ದಿದ್ದಿರಾ?"

"ಇಲ್ಲ."

"ಅವನು ಓಗೊಟ್ಟಿದ್ದರೆ?"

ದೊಡ್ಡ ಸಾರ್ ಮೇಜಿನ ಅಂಚು ಸವರಿದರು. "ನನಗೆ ಭಯವಾಗಿತ್ತು," ಎಂದರು.

ಭಯ ಅಂದಿನದಲ್ಲ. ಇಪ್ಪತ್ತಾರು ವರ್ಷ ಕಲ್ಲು ಓದಿದ ಮನುಷ್ಯ ಏಳನೇ ಬೋರಿನ ಬಿಳಿ ಕಲ್ಲನ್ನು ಬರಿಗಣ್ಣಲ್ಲೇ ಲಿಥಿಯಂ ಎಂದು ಬರೆದಿದ್ದರು. ಅದು ಬರೀ ಫೆಲ್ಡ್‌ಸ್ಪಾರ್, ಪಿಂಗಾಣಿಗಾಗುವ ಕಲ್ಲು. ತಪ್ಪು ಗೊತ್ತಾಗುವ ಹೊತ್ತಿಗೆ ಸುದ್ದಿ ಕಂಪನಿ ಮುಟ್ಟಿತ್ತು. ಮೂರನೇ ಬೋರಿನ ಒಳ್ಳೆಯ ಕಲ್ಲನ್ನು ಚೀಲಕ್ಕೆ ತುಂಬಿ ಲ್ಯಾಬಿಗೆ ಕಳಿಸಿದರು; ಕೆಂಪು ಅರ್ಧ ಅವರ ಮಂಚದ ಕೆಳಗೆ ಉಳಿಯಿತು. ಗುರುವಾರ ದೊಡ್ಡವರು ಕೇಳಿದರೆ ಪೆಟ್ಟಿಗೆಯೇ ಕಳೆದುಹೋಗಿದೆ ಎನ್ನುವ ಎಣಿಕೆ. ಪೊಲೀಸರು ಬಂದದ್ದೇ ಗಾಬರಿಯಾಗಿ, ಅರ್ಧಕ್ಕೆ ಅರ್ಧ ಸರಿಯಾದೀತೆಂದು ಬೇರೊಂದು ಪೆಟ್ಟಿಗೆಯ ಮೇಲೆ ಹದಿನೇಳು ಎಂದು ಬರೆದು ಮಂಚದ ಕೆಳಗಿನದನ್ನು ತುಂಬಿಟ್ಟರು. ಮೊದಲೇ ಲಿಥಿಯಂ ಎಂದು ಬರೆದ ಆ ಸಾಲು ಹೊಡೆದು ಪಕ್ಕದಲ್ಲಿ ಸಹಿ ಹಾಕಿದ್ದರೆ ಮುಗಿಯುತ್ತಿತ್ತು.

"ಬೆಳ್ಳಗಿರೋದೆಲ್ಲ ಹಾಲಲ್ಲ ಅಂತ ನಮ್ಮಂಥವರಿಗೇ ಗೊತ್ತು," ಎಂದಳು ಗರಗಸದಕ್ಕ, ಹೇಳಿಕೆಗೆ ಸಹಿ ಹಾಕುತ್ತ. ಅಣ್ಣನಿದ್ದ ಆಸ್ಪತ್ರೆಗೆ ಹೋಗುವ ದಾರಿಯಲ್ಲಿ ಯಾರಾದರೂ ಜತೆಗೆ ಬರಬೇಕೆಂದಳು. ಹೆಡ್ ಕಾನ್‌ಸ್ಟೇಬಲ್ ಹೋದರು.

ಆರು ಗಂಟೆ ಐವತ್ತಕ್ಕೆ ಬಂಧನ ದಾಖಲಾಯಿತು. ಹನ್ನೊಂದನೇ ದಿನ ನೀಲಿ ಅರ್ಧದ ಪರೀಕ್ಷಾ ವರದಿ ಬಂತು. ಲಿಥಿಯಂ ಇರಲಿಲ್ಲ.