ಮೂರನೆಯ ಕಪ್

ಇದನ್ನು ಗಂಡನಿಗೂ ಹೇಳಿಲ್ಲ. ನಮ್ಮ ಪ್ಯಾರಿಷ್‌ನ, ಅಂದರೆ ನಮ್ಮ ಪುಟ್ಟ ಊರಿನ, ನಡುವೆ ಒಂದು ಹಳ್ಳ ಹರಿಯುತ್ತದೆ. ಒಳ್ಳೆಯ ಶಾಲೆ ಆಚೆ ದಡದಲ್ಲಿದೆ, ಆಚೆಯ ಮಕ್ಕಳಿಗೇ ಅಲ್ಲಿ ಮೊದಲು ಸೀಟು. ನಾವಿರುವುದು ಈಚೆ. ಮಗಳು ಟೆಸ್ಸಾಳ ಅರ್ಜಿಯಲ್ಲಿ ನಾನು ಆಚೆಯ ವಿನಿಫ್ರೆಡ್ ದೊಡ್ಡಮ್ಮನ ವಿಳಾಸ ಬರೆದೆ. ದೊಡ್ಡಮ್ಮ ತೀರಿಕೊಂಡು ವರ್ಷವಾಗಿತ್ತು, ಮನೆ ಖಾಲಿ ಬಿದ್ದಿತ್ತು. ಬದುಕಿದ್ದಾಗ ಹತ್ತು ನಿಮಿಷ ನಡೆದು ಅವಳನ್ನು ನೋಡಿಬರಲು ನನಗೆ ಆಗಿರಲಿಲ್ಲ.

ಫೆಬ್ರವರಿಯ ಒಂದು ಮಧ್ಯಾಹ್ನ ಶಾಲೆಯ ಸೀಟು ಹಂಚುವ ಕೌನ್ಸಿಲ್ ಕಚೇರಿಯಿಂದ ಫೋನ್ ಬಂತು. ವಿಳಾಸ ಪರಿಶೀಲಿಸುವ ಹೆಂಗಸು. ಸಿಕ್ಕಿಬಿದ್ದೆ, ಇನ್ನು ಸೀಟಿಲ್ಲ ಎಂದುಕೊಂಡೆ.

"ಈಗಷ್ಟೇ ನಿಮ್ಮ ಮನೆಯಿಂದ ಬಂದೆ ಕಣ್ರೀ, ಎಲ್ಲಾ ಸರಿಯಿದೆ," ಎಂದಳು. "ನಿಮ್ಮ ದೊಡ್ಡಮ್ಮ ಟೀ ಕೊಟ್ರು. ಒಳಗೆ ಅದೆಂಥಾ ಚಳಿ ಮಾರಾಯ್ರೆ! ವಯಸ್ಸಾದೋರು, ಹೀಟರ್ ಆದ್ರೂ ಹಾಕ್ಸಬಾರ್ದಾ?"

ಫೋನನ್ನು ಕಿವಿಗೆ ಒತ್ತಿಹಿಡಿದೆ. "ನನ್ನ ಬಗ್ಗೆ ಏನಾದ್ರೂ ಅಂದ್ರಾ?"

"ಅಂದ್ರು, ಅಂದ್ರು. ಅವಳಿಗೆ ಯಾವಾಗ್ಲೂ ಗಡಿಬಿಡಿ, ನನ್ ಜೊತೆ ಕೂತು ಟೀ ಕುಡಿಯೋಕೂ ಪುರುಸೊತ್ತಿಲ್ಲ ಅಂತ," ಎಂದು ನಕ್ಕಳು.

ನಾನು ಸತ್ಯ ಹೇಳಬಹುದಿತ್ತು. "ಥ್ಯಾಂಕ್ಸ್" ಎಂದೆ.

ಬೀಗದಕೈ ಹಿಡಿದು ಓಡಿದೆ. ಕರೆಂಟು, ಗ್ಯಾಸು ಎರಡೂ ನಿಲ್ಲಿಸಿದ್ದ ಮನೆ. ಉಸಿರು ಹೊಗೆಯಂತೆ ಬರುವಷ್ಟು ಚಳಿ. ಅಡುಗೆಮನೆಯ ಮೇಜಿನ ಮೇಲೆ ಮೂರು ಕಪ್‌ಗಳಿದ್ದವು. ಎರಡು ಕುಡಿದು ಖಾಲಿಯಾಗಿದ್ದವು. ಮೂರನೆಯದು ತುಂಬಿತ್ತು, ಹಬೆಯಾಡುತ್ತಿತ್ತು. ಅದರ ಮುಂದಿನ ಕುರ್ಚಿಯನ್ನು ಯಾರೋ ಹಿಂದಕ್ಕೆ ಸರಿಸಿಟ್ಟಿದ್ದರು.

ಅವತ್ತೂ ನಾನು ಕೂರಲಿಲ್ಲ.

ಟೆಸ್ಸಾ ಈಗ ಮೂರನೆಯ ವರ್ಷ ಆ ಶಾಲೆಗೆ ಹೋಗುತ್ತಿದ್ದಾಳೆ.