ಒಂದೇ ಕಿಕ್ಕಿನ ಹೋಂಡಾ

ಆ ಭಾನುವಾರ ಬೆಳಗ್ಗೆ ಏಳು ಗಂಟೆಗೆ ಕೇಶವಮೂರ್ತಿ ಬಂದು ವೆಂಕಟಸುಬ್ಬಯ್ಯನವರ ಬಾಗಿಲು ತಟ್ಟಿದಾಗ, ಪಕ್ಕದ ಮನೆಯ ತಿರುಮಲೇಶ ಅಲ್ಲೇ ಕೂತು ಅವರ ಪೇಪರನ್ನು ಅವರಿಗಿಂತ ಮೊದಲೇ ಓದುತ್ತಿದ್ದ. ಕೇಶವಮೂರ್ತಿ ಬೂಟು, ಚರ್ಮದ ಜಾಕೆಟ್ಟು ತೊಟ್ಟು ವಸಾಯಿಯ ಹಳೇ ಗಾಡಿಗಳ ಸವಾರಿಗೆ ತಯಾರಾಗಿದ್ದ. ಬಲಗೈಯನ್ನು ಪ್ಯಾಂಟಿನ ಜೇಬಿನಲ್ಲಿ ತುರುಕಿಕೊಂಡಿದ್ದ. ಮುಖ ಮಾತ್ರ ಸಾವಿನ ಮನೆಯಿಂದ ಎದ್ದು ಬಂದವನ ಹಾಗಿತ್ತು.

"ಸಾರ್, ನನ್ನ ಹೋಂಡಾ ಕೆಟ್ಟು ಕೂತಿದೆ. ಹೊದಿಸಿದ ಕವರ್ ತೆಗೆದು ಹತ್ತು ಕಿಕ್ ಹೊಡೆದೆ, ಉಸಿರೇ ಇಲ್ಲ. ಪಾಯಿಂಟ್ ಸೆಟ್ ಕದ್ದಿದಾರೆ. ಬೇರೆ ಯಾರೂ ಅಲ್ಲ, ಆ ಮೆಕ್ಯಾನಿಕ್ ಅಣವೀರಪ್ಪನೇ."

"ಪೊಲೀಸಿಗೆ ಹೇಳಿದ್ರಾ?" ಎಂದರು ಸುಬ್ಬಯ್ಯನವರು.

"ಮೊದಲು ಸೊಸೈಟಿ. ಸಂಜೆ ಐದಕ್ಕೆ ಎಲ್ಲರನ್ನೂ ಸೇರಿಸೋಕೆ ಸೆಕ್ರೆಟರಿ ಪಾಠಾರೆಗೆ ಹೇಳಿ ಬಂದಿದೀನಿ. ಅವನ ತಗಡಿನ ಶೆಡ್ಡು ನಮ್ಮ ಕಾಂಪೌಂಡಿಂದ ಆಚೆ ಹೋಗಬೇಕು. ಆಮೇಲೆ ಪೊಲೀಸು. ನೀವು ಒಂದು ಸಲ ನೋಡಿ ಹೂಂ ಅಂದುಬಿಟ್ರೆ ಯಾರೂ ಎದುರು ಮಾತಾಡಲ್ಲ."

ಅದೇನೋ ನಿಜ. ಮೂವತ್ತು ವರ್ಷ ವಿಮಾ ಕಂಪನಿಗಳ ಪರವಾಗಿ ಅಪಘಾತದ ಗಾಡಿಗಳನ್ನು ತಪಾಸಣೆ ಮಾಡಿ ನಿವೃತ್ತರಾದ ಸುಬ್ಬಯ್ಯನವರಿಗೆ, ನುಜ್ಜುಗುಜ್ಜಾದ ಲಾರಿ ನೋಡಿ ಡ್ರೈವರ್ ಯಾವ ಮೈಲಿಕಲ್ಲಿನ ಹತ್ತಿರ ತೂಕಡಿಸಿದ ಎಂದು ಹೇಳುವ ಕಣ್ಣಿತ್ತು. ಬೊಂಬಾಯಿ ಮಲಾಡಿನ ನಮ್ಮ ನವಜ್ಯೋತಿ ಸೊಸೈಟಿಯಲ್ಲಿ ಹಾಲಿನ ಬಾಟಲಿ ಕಳೆದರೂ ಸರಿ, ಸುಳ್ಳು ಉಯಿಲು ಹುಟ್ಟಿದರೂ ಸರಿ, ಜನ ಮೊದಲು ಬರುತ್ತಿದ್ದುದು ಅವರ ಮೂರನೇ ನಂಬರ್ ಮನೆಗೆ.

ಸುದ್ದಿ ಕೇಳಿ ತಿರುಮಲೇಶನಿಗೆ ಒಂದು ಗಳಿಗೆ ಖುಷಿಯಾಯಿತು. ಮರುಕ್ಷಣವೇ ನಾಚಿಕೆಯೂ ಆಯಿತು. ಆರು ವರ್ಷದಿಂದ ಆ ಗಾಡಿಯನ್ನು ನೋಡಿ ನೋಡಿ ಅವನು ಒಳಗೊಳಗೇ ಬೇಯುತ್ತಿದ್ದ. ಅರವತ್ನಾಲ್ಕನೇ ಇಸವಿಯ ಜಪಾನಿ ಹೋಂಡಾ, ಮುನ್ನೂರೈದು ಸಿಸಿ, ಎರಡು ಸಿಲಿಂಡರು. ಎಲ್ಲ ಗಾಡಿಯ ಕಿಕ್ಕು ಹಿಂದಕ್ಕೆ ಒದ್ದರೆ ಇದರದು ಮುಂದಕ್ಕೆ, ಊರಿಗೊಬ್ಬಳೇ ಪದ್ಮಾವತಿ. ತಿರುಮಲೇಶನ ಸ್ಕೂಟರನ್ನೋ, ಒಂದು ಮಗ್ಗುಲಿಗೆ ಬಾಗಿಸಿ ಓಲೈಸದಿದ್ದರೆ ಹೊರಡುತ್ತಲೇ ಇರಲಿಲ್ಲ. ಬೆಳಗ್ಗೆ ಅವನು ಸ್ಟೇಷನ್ನಿಗೆ ಹೊರಡಲು ಹಾಗೆ ಬಾಗಿಸುವಾಗಲೇ ಹೋಂಡಾದ ಕವರು ಕಣ್ಣಿಗೆ ಬೀಳುತ್ತಿತ್ತು.

ಮೂವರೂ ಕೆಳಗೆ ಬಂದರು. ಪಾಯಿಂಟ್ ಸೆಟ್ ಎಂದರೆ ಇಂಜಿನ್ನಿನಲ್ಲಿ ಹೊತ್ತಿಗೆ ಸರಿಯಾಗಿ ಕಿಡಿ ಹಾರಿಸುವ ಸಣ್ಣ ಬಿಲ್ಲೆ, ಅಂಗೈಯಲ್ಲಿ ಮುಚ್ಚಿಟ್ಟುಕೊಳ್ಳಬಹುದು. ಸಣ್ಣದಾದರೇನು, ಈ ಹೋಂಡಾದ್ದು ಬೊಂಬಾಯಿಯಲ್ಲೆಲ್ಲ ಹುಡುಕಿದರೂ ಇನ್ನೊಂದು ಸಿಗುವಂತಿರಲಿಲ್ಲ.

ತಿರುಮಲೇಶ ಉತ್ಸಾಹದಿಂದ ಸೀಟಿನ ಕೆಳಗೆ ಬ್ಯಾಟರಿಯ ಹತ್ತಿರ ಬಗ್ಗಿ, "ಇಲ್ಲಿಂದ ತಾನೇ ತೆಗೆದಿರೋದು?" ಎಂದ.

"ಅಲ್ಲಲ್ಲಯ್ಯಾ, ಈ ಕಡೆ ಬಾ" ಎಂದು ಸುಬ್ಬಯ್ಯನವರು ಎಡಗಡೆ, ಸಿಲಿಂಡರಿನ ತಲೆಯ ಮೇಲಿದ್ದ ದುಂಡನೆಯ ಮುಚ್ಚಳ ತೋರಿಸಿದರು. ಅದು ಎರಡು ಸ್ಕ್ರೂಗಳಿಂದ ಭದ್ರವಾಗಿ ಕೂತಿತ್ತು. ಅವರು ಕನ್ನಡಕ ಏರಿಸಿಕೊಂಡು ಬಹಳ ಹೊತ್ತು ಅದನ್ನೇ ನೋಡಿದರು. "ಇದನ್ನ ತೆಗೀರಿ, ಕೇಶವಮೂರ್ತಿ."

"ನಾನಾ? ನಾನು ಇದಕ್ಕೆ ಒಂದು ದಿನವೂ ಸ್ಕ್ರೂಡ್ರೈವರ್ ಮುಟ್ಟಿಸಿದವನಲ್ಲ ಸಾರ್. ಅದೆಲ್ಲ ಅವನ ಕೆಲಸ. ಎದುರಿಗೆ ಸ್ಟೂಲ್ ಹಾಕ್ಕೊಂಡು ನೋಡ್ತಿದ್ದೆ, ಅಷ್ಟೆ."

ಅಣವೀರಪ್ಪನನ್ನು ಕರೆಸಿದರು. ಇಂಡಿ ತಾಲ್ಲೂಕಿನಿಂದ ಇಟ್ಟಿಗೆ ಹೊರಲು ಬಂದು, ಕಾಂದಿವಲಿಯ ಗ್ಯಾರೇಜಿನಲ್ಲಿ ಕೆಲಸ ಕಲಿತು, ಕಾಂಪೌಂಡಿನ ಮೂಲೆಯ ಶೆಡ್ಡಿನಲ್ಲಿ ಎಂಟು ವರ್ಷದಿಂದ ಗಾಡಿ ರಿಪೇರಿ ಮಾಡುತ್ತಿದ್ದವನು. ಗುಜರಿಯಲ್ಲಿ ಬಿದ್ದಿದ್ದ ಈ ಹೋಂಡಾಕ್ಕೆ ಎರಡು ವರ್ಷ ಕೂತು ಜೀವ ಕೊಟ್ಟವನೂ ಅವನೇ. ಹಿಂದೆಯೇ ಅವನ ಹೆಂಡತಿ ಸುಂದ್ರವ್ವ ಬಂದು ಗೋಡೆಗೆ ಒರಗಿ ನಿಂತಳು. ಶೆಡ್ಡು ಹೋದರೆ ಮಳೆಗಾಲಕ್ಕೆ ಮುಂಚೆ ಮತ್ತೆ ಇಟ್ಟಿಗೆಯೇ ಗತಿ ಎಂಬುದು ಇಬ್ಬರ ಮುಖದಲ್ಲೂ ಬರೆದಿತ್ತು.

ಅಣವೀರಪ್ಪ ಮುಚ್ಚಳದ ಸ್ಕ್ರೂ ನೋಡಿದವನೇ ಮುಖ ಕಿವಿಚಿದ. "ಯಾವ ಅಡ್ನಾಡಿ ಕೈ ಹಾಕ್ಯಾನ್ರಿ ಇದಕ್ಕ? ನೋಡ್ರಿ, ತಲಿ ಎಲ್ಲಾ ಕಿತ್ತು ಹೋಗ್ಯಾವು. ಜಪಾನಿ ಸ್ಕ್ರೂಕ್ಕ ನಮ್ಮ ಬಜಾರದ ಸ್ಕ್ರೂಡ್ರೈವರ್ ಕೂಡಂಗಿಲ್ರಿ. ತುದಿ ಚೂಪಿರತೈತಿ, ತಳಾ ಮುಟ್ಟಂಗಿಲ್ಲ. ಜೋರ್ ಮಾಡಿದ್ರ ಜಾರಿ ಹಿಂಗ ತಿಂತೈತಿ."

"ನಿನ್ನದು?"

ಅವನು ಸೊಂಟದ ದಾರದಲ್ಲಿ ತೂಗುತ್ತಿದ್ದ ಸ್ಕ್ರೂಡ್ರೈವರ್ ಬಿಚ್ಚಿ ಕೊಟ್ಟ. ತುದಿಯನ್ನು ಮೊಂಡಾಗಿ ಅರದಿಂದ ಉಜ್ಜಿದ್ದ. "ಎಂಟು ದಿನ ಉಜ್ಜೀನ್ರಿ ಇದನ್ನ. ನಿನ್ನಿ ಸಂಜೀಕ ಎಲ್ಲಾ ನೋಡಿ, ಒಂದ ಕಿಕ್ಕಿಗೆ ಚಾಲೂ ಮಾಡಿ ಇಟ್ಟೀನಿ. ಸಾಹೇಬ್ರ ಮನಿ ಬಾಯಾರೂ ನೋಡ್ಯಾರ."

ಅವನು ಮುಚ್ಚಳ ತೆಗೆದ. ಒಳಗೆ ಬಿಲ್ಲೆ ಇರಲಿಲ್ಲ. "ನೋಡಿದ್ರಾ, ನಾನು ಹೇಳಲಿಲ್ವಾ?" ಎಂದು ಕೇಶವಮೂರ್ತಿ ಹಲ್ಲು ಕಡಿದ.

ಅಲ್ಲಿಂದ ಕೇಶವಮೂರ್ತಿಯ ಮನೆಗೆ ಹೋದರು. ಹೆಂಡತಿ ಶಾಮಲಾ ಕಾಫಿ ತಂದಿಟ್ಟು, ನಿನ್ನೆ ಆರು ಗಂಟೆಗೆ ಗಾಡಿ ಚಾಲೂ ಆದದ್ದನ್ನು ಬಾಲ್ಕನಿಯಿಂದ ನೋಡಿದೆ ಎಂದಳು. "ಒಂದೇ ಕಿಕ್ಕು. ಇವರಿಗಾದ್ರೆ ಹದಿನಾಲ್ಕು ಬೇಕು. ಅದಕ್ಕೂ ಯಾರ ಕಾಲು ಅಂತ ಗೊತ್ತಾಗತ್ತೆ" ಎಂದು ನಕ್ಕಳು. ಕೇಶವಮೂರ್ತಿ ನಗಲಿಲ್ಲ. ಎಡಗೈ ಚಾಚಿ ಲೋಟ ತೆಗೆದುಕೊಂಡ.

"ಹೋದ ತಿಂಗಳು ದಾದರಿನ ಮೈದಾನದಲ್ಲಿ ಹಳೇ ಗಾಡಿಗಳ ಮೇಳ ಇತ್ತಲ್ಲ, ಸುಬ್ಬಯ್ಯನೋರೇ," ಶಾಮಲಾ ಮುಂದುವರಿಸಿದಳು, "ಫೋಟೋದವನು ಅಣವೀರಪ್ಪನ್ನೇ ಗಾಡಿ ಮೇಲೆ ಕೂರಿಸಿ ತೆಗೆದ. ಇವರಿಗೆ ಹೆಲ್ಮೆಟ್ ಹಿಡ್ಕೊಂಡು ಸ್ವಲ್ಪ ಪಕ್ಕಕ್ಕೆ ಸರೀರಿ ಅಂದ. ಫೋಟೋದಲ್ಲಿ ಇವರದು ಒಂದು ಮೊಣಕೈ ಬಂದಿದೆ."

"ಶಾಮಲಾ, ಒಳಗೆ ಹೋಗು" ಎಂದ ಕೇಶವಮೂರ್ತಿ. ತಿರುಮಲೇಶ ಕಾಫಿಯೊಳಗೆ ಮೂತಿ ಮುಳುಗಿಸಿ ನಗು ನುಂಗಿದ. ಇಡೀ ವಾರದಲ್ಲಿ ಅಷ್ಟು ರುಚಿಯಾದ ಕಾಫಿ ಕುಡಿದಿರಲಿಲ್ಲ.

ಉಳಿದವನು ಬಿ ವಿಂಗಿನ ಪಾಠಾರೆ. ಸೊಸೈಟಿಯ ಸೆಕ್ರೆಟರಿ. ಅವನ ಹತ್ತಿರ ಅದೇ ಕಾಲದ ಜಪಾನಿ ಯಮಹಾ ಇತ್ತು. ಹೋಂಡಾವನ್ನು ಮಾರು ಎಂದು ಮೂರು ಸಲ ಕೇಳಿ ಮೂರು ಸಲವೂ ಬೈಸಿಕೊಂಡಿದ್ದ. ಕಳ್ಳ ಇವನೇ ಆಗಲಿ ಎಂದು ತಿರುಮಲೇಶ ಮನಸ್ಸಿನಲ್ಲೇ ಹರಕೆ ಹೊತ್ತ. ಪಾಠಾರೆ ಅಂಗಳದಲ್ಲಿ ಕೂತು ತನ್ನ ಇಂಜಿನ್ನಿನ ಒಂದು ಪಕ್ಕ ಬಿಚ್ಚುತ್ತಿದ್ದ. ಕೈಯಲ್ಲಿ ಹಡಗಿನವರಿಂದ ಕೊಂಡ ಜಪಾನಿ ಸ್ಕ್ರೂಡ್ರೈವರ್. ಬಿಚ್ಚಿಟ್ಟ ಸ್ಕ್ರೂಗಳ ತಲೆಗಳು ಹೊಸದರಂತಿದ್ದವು.

"ನೀವು ಇವತ್ತು ವಸಾಯಿ ಸವಾರಿಗೆ ಹೋಗಲಿಲ್ಲವೇ?" ಎಂದು ಸುಬ್ಬಯ್ಯನವರು ಹಿಂದಿಯಲ್ಲಿ ಕೇಳಿದರು.

ತನ್ನ ಗಾಡಿಯ ಗೇರು ಜಾರುತ್ತಿದೆ ಎಂದ ಪಾಠಾರೆ. ಅಲ್ಲದೆ ಈ ಸಲ ವಸಾಯಿಯಲ್ಲಿ ಮೇಳದವರು ಹೊಸ ಪಂದ್ಯ ಇಟ್ಟಿದ್ದಾರಂತೆ: ಎಲ್ಲರ ಎದುರು ಗಾಡಿ ಆರಿಸಿ, ಒಂದೇ ಕಿಕ್ಕಿಗೆ ಮತ್ತೆ ಚಾಲೂ ಮಾಡಬೇಕು. ಮೆಕ್ಯಾನಿಕ್ ಅಲ್ಲ, ಮಾಲೀಕನೇ ಒದೆಯಬೇಕು. "ಕೇಶವ್‌ಜೀಗೆ ಗುರುವಾರವೇ ಹೇಳಿದ್ದೆ" ಎಂದು ಅವನು ಮೀಸೆಯಡಿ ನಕ್ಕ.

ಐದು ಗಂಟೆಗೆ ಕಾಂಪೌಂಡಿನಲ್ಲಿ ಕಬ್ಬಿಣದ ಕುರ್ಚಿಗಳು ಬಿದ್ದವು. ಅಣವೀರಪ್ಪ ಕೂರಲಿಲ್ಲ. ಸುಂದ್ರವ್ವ ಆಗಲೇ ಶೆಡ್ಡಿನೊಳಗಿನ ಸಾಮಾನನ್ನು ಎರಡು ಗೋಣಿಚೀಲಕ್ಕೆ ತುಂಬಿದ್ದಳು. ಬೆಳಗಿನ ಪ್ಯಾಂಟಿನಲ್ಲೇ ಇದ್ದ ಕೇಶವಮೂರ್ತಿ ಎಲ್ಲರ ಎದುರು, "ಕೀಲಿ ಇಲ್ಲದೆ ಒಳಗೆ ಬರೋ ಕಳ್ಳನ್ನ ನಾವೇ ಸಾಕ್ತಿದೀವಿ" ಎಂದು ಶುರು ಮಾಡಿದ.

"ಸ್ವಲ್ಪ ತಾಳಿ," ಎಂದರು ಸುಬ್ಬಯ್ಯನವರು. "ಈ ಗಾಡಿಯ ಮೇಲೆ ಹೊಟ್ಟೆಕಿಚ್ಚು ಇದ್ದವರು ಯಾರು ಯಾರು ಅಂತ ಮೊದಲು ನೋಡೋಣ. ಒಬ್ಬ ನನ್ನ ಪಕ್ಕದಲ್ಲೇ ಕೂತಿದಾನೆ. ಶುಕ್ರವಾರ ಮಧ್ಯಾಹ್ನ, ಯಾರೂ ಇಲ್ಲ ಅಂದ್ಕೊಂಡು ಕವರ್ ಎತ್ತಿ, ಹೋಂಡಾ ಮೇಲೆ ಕೂತು, ಬಾಯಲ್ಲೇ ಗುರ್ ಅನ್ನಿಸಿ ಇಳಿದ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡ ಎಂಬಂತೆ ತಿರುಮಲೇಶನ ಕೈ ತಾನಾಗಿ ಬಾಯಿಗೆ ಹೋಯಿತು. ಕಿವಿ ಕೆಂಪಾಯಿತು. ಭೂಮಿ ಬಾಯಿ ಬಿಡಬಾರದೇ ಎನಿಸಿತು.

"ಆದರೆ ಪಾಯಿಂಟ್ ಸೆಟ್ ಇಂಜಿನ್ ಮೇಲಿರತ್ತೋ, ಸೀಟಿನ ಕೆಳಗಿರತ್ತೋ ಅಂತ ಅವನಿಗೆ ಇವತ್ತು ಬೆಳಗ್ಗೆವರೆಗೂ ಗೊತ್ತಿರಲಿಲ್ಲ. ಅವನನ್ನ ಬಿಡಿ. ಇನ್ನು ಮುಚ್ಚಳದ ಸ್ಕ್ರೂ. ತಲೆ ಎರಡೂ ಕಿತ್ತುಹೋಗಿವೆ, ಬೆಳ್ಳಗೆ ಹೊಸ ಗಾಯ. ಅಂದ್ರೆ ಬಜಾರಿನ ಸ್ಕ್ರೂಡ್ರೈವರಿಂದ ತೆಗೆದಿದಾರೆ. ಅಣವೀರಪ್ಪ ತೆಗೆದಿದ್ರೆ ಗುರುತೇ ಇರ್ತಿರಲಿಲ್ಲ. ಪಾಠಾರೆ ತೆಗೆದಿದ್ರೂ ಇರ್ತಿರಲಿಲ್ಲ. ತನ್ನ ಕೈಯಾರೆ ಜಪಾನಿ ಗಾಡಿ ಬಿಚ್ಚೋರು ಯಾರೂ ಆ ತಪ್ಪು ಮಾಡಲ್ಲ. ಇದನ್ನ ಮಾಡಿದವನಿಗೆ ಏನನ್ನ ತೆಗೀಬೇಕು, ಎಲ್ಲಿಂದ ತೆಗೀಬೇಕು ಅಂತ ಚೆನ್ನಾಗಿ ಗೊತ್ತಿತ್ತು. ಯಾವುದರಿಂದ ತೆಗೀಬೇಕು ಅಂತ ಮಾತ್ರ ಗೊತ್ತಿರಲಿಲ್ಲ. ಎದುರಿಗೆ ಸ್ಟೂಲ್ ಹಾಕ್ಕೊಂಡು ನೋಡಿ ಕಲಿತವನು."

ಮೇಲಿನ ಬಾಲ್ಕನಿಯಲ್ಲಿ ಶಾಮಲಾ ಕಂಬಿ ಹಿಡಿದುಕೊಂಡಳು.

"ಇನ್ನೊಂದು. ಗಾಡಿ ಚಾಲೂ ಆಗದೇ ಇರೋದಕ್ಕೆ ನೂರು ಕಾರಣ. ಪೆಟ್ರೋಲ್, ಪ್ಲಗ್ಗು, ಬ್ಯಾಟರಿ. ಬೆಳಗ್ಗೆ ಏಳಕ್ಕೆ ನನ್ನ ಬಾಗಿಲಿಗೆ ಬಂದ ಕೇಶವಮೂರ್ತಿ, ಪಾಯಿಂಟ್ ಸೆಟ್ ಕದ್ದಿದಾರೆ ಅಂದ್ರು. ಕೆಳಗೆ ಬಂದು ನೋಡಿದ್ರೆ ಮುಚ್ಚಳ ಬಿಗಿಯಾಗಿ ಕೂತಿದೆ. ಸ್ಕ್ರೂಡ್ರೈವರ್ ಮುಟ್ಟಿದವನಲ್ಲ ಅಂತ ಅವರೇ ಹೇಳ್ತಾರೆ. ಹಾಗಾದ್ರೆ ಮುಚ್ಚಿದ ಡಬ್ಬಿ ಖಾಲಿ ಅಂತ ಇವರಿಗೆ ಹೇಗೆ ತಿಳೀತು?"

"ಸಾರ್, ಅದು... ಅಂದಾಜು" ಎಂದ ಕೇಶವಮೂರ್ತಿ.

"ಇರಬಹುದು. ಕಾಫಿ ಲೋಟ ಎಡಗೈಯಲ್ಲಿ ಹಿಡಿದದ್ದೂ ಅಂದಾಜಾ? ಮೈಸೂರಿನ ಮನೇಲಿ ಬೆಳೆದವರು ನೀವು. ಹೆಂಡತಿ ಕೈಯಿಂದ, ಹಿರಿಯರ ಎದುರು, ಎಡಗೈಯಲ್ಲಿ ತಗೊಂಡ್ರಿ. ಬಲಗೈ ಜೇಬಿಂದ ಬರಲೇ ಇಲ್ಲ. ಈಗಲೂ ಅಲ್ಲೇ ಇದೆ. ಎಸೆಯೋಕೆ ಮನಸ್ಸು ಬರಲ್ಲ, ಯಾಕಂದ್ರೆ ಇನ್ನೊಂದು ಸಿಗಲ್ಲ. ಮನೇಲಿ ಇಟ್ರೆ ಶಾಮಲಾ ಕಣ್ಣಿಗೆ ಬೀಳತ್ತೆ. ತೆಗೆದಿಡಿ."

ಕೇಶವಮೂರ್ತಿಯ ಬಲಗೈ ಹೊರಗೆ ಬಂತು. ಹಳದಿ ಬಟ್ಟೆಯಲ್ಲಿ ಸುತ್ತಿದ್ದ ಬಿಲ್ಲೆಯನ್ನು ಅವನು ಹೋಂಡಾದ ಸೀಟಿನ ಮೇಲೆ ಮೆಲ್ಲಗೆ ಇಟ್ಟ. ಬಜಾರಿನ ಸ್ಕ್ರೂಡ್ರೈವರ್ ಜಾರಿ ಅಂಗೈಯಲ್ಲಿ ಆಗಿದ್ದ ಗೀರು ಎಲ್ಲರಿಗೂ ಕಾಣಿಸಿತು.

"ಇವತ್ತು ವಸಾಯಿಯಲ್ಲಿ ಎಲ್ಲರೂ ನೋಡ್ತಿರೋವಾಗ ಹದಿನಾಲ್ಕು ಸಲ ಒದೀಬೇಕಿತ್ತಾ ನಾನು?" ಎಂದ ಅವನು. "ಕೊಂಡವನು ನಾನು, ಒರೆಸೋನು ನಾನು. ಅದು ಮಾತು ಕೇಳೋದು ಇವನದು. ರಸ್ತೇಲಿ ಜನ ನಿಲ್ಲಿಸಿ, ಅಣವೀರಪ್ಪನ ಗಾಡಿ ಅಲ್ವಾ ಅಂತಾರೆ ಸಾರ್. ನನ್ನ ಗಾಡಿ ಮೇಲೆ ನಾನೇ ಕೂತಿರೋವಾಗ."

ತಿರುಮಲೇಶನಿಗೆ ನಗು ಬರಲಿಲ್ಲ. ಇಷ್ಟು ವರ್ಷ ಯಾರನ್ನು ನೋಡಿ ತಾನು ಉರಿದನೋ ಆ ಮನುಷ್ಯ ತನಗಿಂತ ಹೆಚ್ಚು ಉರಿಯುತ್ತಿದ್ದ. ತನ್ನದಾದರೂ ಪರರ ವಸ್ತುವಿನ ಮೇಲಿನ ಆಸೆ. ಇವನಿಗೆ ತನ್ನದೇ ವಸ್ತುವಿನ ಮೇಲೆ. ಪಾಪ ಅನಿಸಿತು.

ಪಾಠಾರೆ ಎದ್ದು ನಿಂತು, ಶೆಡ್ಡು ಎಲ್ಲಿದೆಯೋ ಅಲ್ಲೇ ಇರುತ್ತದೆ ಎಂದ. ಸುಂದ್ರವ್ವ ಗೋಣಿಚೀಲಗಳನ್ನು ಸದ್ದಿಲ್ಲದೆ ಒಳಗೆ ಎಳೆದುಕೊಂಡಳು.

ಅಣವೀರಪ್ಪ ಬಿಲ್ಲೆ ಎತ್ತಿಕೊಂಡು, ಇಂಜಿನ್ನಿನ ಪಕ್ಕ ಕುಕ್ಕರಗಾಲಲ್ಲಿ ಕೂತು, ಅದರ ಜಾಗದಲ್ಲಿ ಕೂರಿಸಿದ. ನಡುವಿನ ಸಂದನ್ನು ಉಗುರಿನಷ್ಟು ತೆಳ್ಳಗಿನ ತಗಡಿನಿಂದ ಅಳೆದ. ಮುಚ್ಚಳ ಹಾಕಿದ. ಎದ್ದು, ಕಿಕ್ಕನ್ನು ಕಾಲಿನಿಂದ ಮೆಲ್ಲಗೆ ತಡವಿ, ಮುಂದಕ್ಕೆ ಒಂದೇ ಒಂದು ಸಲ ಒದ್ದ. ಹೋಂಡಾ ಎದ್ದು ನಿಂತು ಮಾತಾಡಿತು.

ಅರ್ಧ ನಿಮಿಷ ಬಿಟ್ಟು ಅವನೇ ಆರಿಸಿದ. ಸೊಂಟದ ದಾರ ಬಿಚ್ಚಿ, ಎಂಟು ದಿನ ಉಜ್ಜಿದ್ದ ಸ್ಕ್ರೂಡ್ರೈವರನ್ನು ಸೀಟಿನ ಮೇಲೆ ಇಟ್ಟ.

"ಇದು ನಿಮ್ಮದು ತಗೋರಿ, ಸಾಹೇಬ್ರ. ನನಗ ಬ್ಯಾರೆ ಎದಕ್ಕೂ ಹತ್ತಂಗಿಲ್ಲ. ಇನ್ನ ಮ್ಯಾಲ ನೀವ ತಗೀರಿ, ನೀವ ಹಾಕ್ರಿ. ನಾ ಈ ಗಾಡಿ ಮುಟ್ಟಂಗಿಲ್ಲ."

ಕೇಶವಮೂರ್ತಿ ಸ್ಕ್ರೂಡ್ರೈವರನ್ನು ಕೈಗೆತ್ತಿಕೊಂಡ. ಅಷ್ಟರಲ್ಲಿ ಅಣವೀರಪ್ಪ ಶೆಡ್ಡಿನ ಕಡೆಗೆ ತಿರುಗಿಯಾಗಿತ್ತು.

ಮುಂದಿನ ಭಾನುವಾರ ತಿರುಮಲೇಶ ಧೈರ್ಯ ಮಾಡಿ ತನ್ನ ಸ್ಕೂಟರನ್ನು ಅಣವೀರಪ್ಪನ ಹತ್ತಿರ ತಳ್ಳಿಕೊಂಡು ಹೋದ. "ಇದಕ್ಕ ಏನ್ ಆಗಿಲ್ರಿ, ಯಾರೂ ಪ್ರೀತಿಲೆ ನೋಡಿಲ್ಲ, ಅಷ್ಟ" ಎಂದ ಅವನು. ಎರಡು ತಾಸು ಬಿಚ್ಚಿ ಜೋಡಿಸಿ, "ಒದೀರಿ" ಎಂದ. ಬಾಗಿಸದೆ, ಓಲೈಸದೆ, ಒಂದೇ ಕಿಕ್ಕಿಗೆ ಸ್ಕೂಟರು ಹೊತ್ತಿಕೊಂಡಿತು. ಖುಷಿಯಲ್ಲಿ ತಿರುಮಲೇಶ ತಲೆಯೆತ್ತಿದ.

ಆಚೆ ಕೇಶವಮೂರ್ತಿ ಹೋಂಡಾದ ಪಕ್ಕ ಬೆವರು ಒರೆಸಿಕೊಳ್ಳುತ್ತಾ ನಿಂತಿದ್ದ. ಎಷ್ಟನೇ ಒದೆಯೋ ಏನೋ, ಗಾಡಿ ಎದ್ದಿರಲಿಲ್ಲ. ಅವನು ನೋಡುತ್ತಿದ್ದುದು ಸ್ಕೂಟರನ್ನು. ಆ ನೋಟವನ್ನು ತಿರುಮಲೇಶ ಕೂಡಲೇ ಗುರುತು ಹಿಡಿದ. ಆರು ವರ್ಷ ಅದು ತನ್ನದೇ ನೋಟವಾಗಿತ್ತು. ಅವನು ಕೈ ಚಾಚಿ ಸ್ಕೂಟರನ್ನು ಆರಿಸಿ, ಸದ್ದಾಗದ ಹಾಗೆ ಗೇಟಿನವರೆಗೂ ತಳ್ಳಿಕೊಂಡು ಹೋದ.